ಮಾರುತ್‌ನ ರೆಕ್ಕೆಗೆ ಏನೇನು ತೂಗಿಸಬಹುದು: ಒಂದು ರಿಪೇರಿಯ ದಾಖಲೆ

ಕಂಪ್ಯೂಟರ್ ಗೇಮ್‌ನ ಲೋಡೌಟ್ ಸ್ಕ್ರೀನ್‌ನಲ್ಲಿ, ಅಂದರೆ ವಿಮಾನಕ್ಕೆ ಆಯುಧ ಆರಿಸುವ ಪುಟದಲ್ಲಿ, ಮಾರುತ್ ನಿಂತಿತ್ತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ಎಚ್‌ಎಫ್-24 ಯುದ್ಧವಿಮಾನ. ರೆಕ್ಕೆಯ ಕೆಳಗೆ ನಾಲ್ಕು ಪೈಲಾನ್, ಅಂದರೆ ಆಯುಧ ತೂಗಿಸುವ ಕೊಕ್ಕೆ. ನಾಲ್ಕರಲ್ಲೂ ಅಮೆರಿಕದ ಸೈಡ್‌ವೈಂಡರ್ ಕ್ಷಿಪಣಿ. ಮಿಷನ್‌ನ ತಾರೀಖು ನೋಡಿದೆ: 1971ರ ಡಿಸೆಂಬರ್.

ಬೇಜಾರಾಯಿತು. ಆ ಯುದ್ಧದಲ್ಲಿ ಸೈಡ್‌ವೈಂಡರ್ ಇದ್ದದ್ದು ಎದುರಿನ ಪಾಕಿಸ್ತಾನದ ಸೇಬರ್ ವಿಮಾನಗಳ ರೆಕ್ಕೆಯಲ್ಲಿ. ಮಾರುತ್‌ಗೆ ಗಾಳಿಯಿಂದ ಗಾಳಿಗೆ ಹಾರುವ ಕ್ಷಿಪಣಿಯೇ ಇರಲಿಲ್ಲ. ರೇಡಾರ್ ಕೂಡ ಇರಲಿಲ್ಲ. ಮೂಗಿನಲ್ಲಿ ನಾಲ್ಕು ಗನ್, ಕಣ್ಣೆದುರು ಗುರಿ ಹಿಡಿಯಲು ಒಂದು ಗೈರೊ ಗನ್‌ಸೈಟ್, ಅಷ್ಟೇ. ಅಷ್ಟನ್ನೇ ನಂಬಿಕೊಂಡು ಹೋದವರ ವಿಮಾನಕ್ಕೆ ನಾವು ಎದುರಾಳಿಯ ಕ್ಷಿಪಣಿ ತೂಗಿಸಿ ಆಟ ಆಡುತ್ತಿದ್ದೆವು.

ಗೇಮ್ 2008ರಲ್ಲಿ ಬಂದ ಸ್ಟ್ರೈಕ್ ಫೈಟರ್ಸ್ 2. ಹಳೆಯದು, ಆದರೆ ಅದರ ಒಳಗಿನದೆಲ್ಲ ಸಾದಾ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡ್ ಇದ್ದರೆ ಸಾಕು, ವಿಮಾನದ ತೂಕದಿಂದ ಹಿಡಿದು ಬಾಂಬ್‌ನ ವಯಸ್ಸಿನವರೆಗೆ ಎಲ್ಲ ತಿದ್ದಬಹುದು. ಮಾರುತ್‌ನ ಮಾಡೆಲ್ ನನ್ನ ಗೆಳೆಯ ಮಾಡಿದ್ದು. ಆಕಾರ ತುಂಬ ಚೆನ್ನಾಗಿ ಬಂದಿದೆ, ಆ ಉದ್ದ ಮೂಗು, ಸೊಂಟದ ಹತ್ತಿರ ಒಳಗೆ ಸರಿದ ಮೈ. ಆಯುಧದ ಭಾಗವನ್ನು ಮಾತ್ರ ಅವನು ಬೇರೆ ವಿಮಾನಗಳ ಫೈಲ್‌ಗಳಿಂದ ಕಾಪಿ ಮಾಡಿ ಅಂಟಿಸಿದ್ದ. ಹಾರಿದರೆ ಸಾಕು ಅನ್ನೋ ಅವಸರ. ಅವನದೇನೂ ತಪ್ಪಲ್ಲ, ನಾನೂ ತಿಂಗಳುಗಟ್ಟಲೆ ಹಾಗೇ ಹಾರಿಸಿದ್ದೆ.

ಫೋನ್ ಮಾಡಿ, "ಲೇ ಮಗಾ, ಇದನ್ನ ಸರಿ ಮಾಡೋಣ" ಅಂದೆ. "ಸೈಡ್‌ವೈಂಡರ್ ತೆಗೆದ್ರೆ ಮಜಾ ಹೋಗತ್ತಲ್ವಾ?" ಅಂದ. "ಒಂದು ವಾರ ಕೊಡು" ಅಂದೆ.

ಎಲ್ಲಿಂದ ಬಂತು ಈ ಸೈಡ್‌ವೈಂಡರ್

ಮೊದಲ ರಾತ್ರಿ ಪೂರ್ತಿ ಹೋದದ್ದು ಇದಕ್ಕೇ. ಈ ಗೇಮ್‌ನಲ್ಲಿ ಒಂದು ಪೈಲಾನ್‌ಗೆ ಏನು ತೂಗಬಹುದು ಅನ್ನೋದನ್ನು ಮುಖ್ಯವಾಗಿ ಮೂರು ಸಾಲುಗಳು ತೀರ್ಮಾನ ಮಾಡುತ್ತವೆ. ಎಷ್ಟು ಕಿಲೋ ಹೊರುತ್ತದೆ ಅನ್ನೋದು ಒಂದು. ಯಾವ ಜಾತಿಯ ಆಯುಧ, ಅಂದರೆ ಬಾಂಬಾ, ರಾಕೆಟ್ ಪಾಡಾ, ಇಂಧನದ ಟ್ಯಾಂಕಾ, ಶಾಖ ಹುಡುಕುವ ಕ್ಷಿಪಣಿಯಾ ಅನ್ನೋದು ಇನ್ನೊಂದು. ಮೂರನೆಯದು ಯಾವ ಬಳಗದ ಆಯುಧ ಅನ್ನೋದು. ಗೆಳೆಯನ ಫೈಲ್‌ನಲ್ಲಿ ಜಾತಿಯ ಸಾಲಿನಲ್ಲಿ ಎಲ್ಲವೂ ಇತ್ತು. ಬಳಗದ ಸಾಲಿನಲ್ಲಿ 'ನೇಟೊ' ಅಂತಿತ್ತು. ನೇಟೊ ಅಂದ ತಕ್ಷಣ ಗೇಮ್ ಅಮೆರಿಕದ ಇಡೀ ಉಗ್ರಾಣವನ್ನೇ ತೆರೆದುಬಿಡುತ್ತದೆ.

ಇದಲ್ಲದೆ ಆಯುಧದ ಸ್ವಂತ ಫೈಲ್‌ನಲ್ಲಿ ಅದರ ದೇಶ, ಬಳಕೆಗೆ ಬಂದ ವರ್ಷ, ಹೊರದೇಶಕ್ಕೆ ಮಾರಿದ್ದು ಹೌದೋ ಅಲ್ಲವೋ ಅನ್ನೋದೂ ಇರುತ್ತದೆ. ಸೈಡ್‌ವೈಂಡರ್ 1971ಕ್ಕೆ ಮುಂಚಿನದು, ಹೊರಗೆ ಮಾರಿದ್ದೂ ಹೌದು. ಹಾಗಾಗಿ ಗೇಮ್‌ನ ಲೆಕ್ಕದಲ್ಲಿ ತಪ್ಪೇ ಇಲ್ಲ. ಯಾರಿಗೆ ಮಾರಿದ್ದು ಅಂತ ಅದು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು.

ಇಲ್ಲಿ ಒಂದು ಮಾತು. ಈ ತರಹದ ಗೇಮ್‌ಗಳಲ್ಲಿ 'ಈ ಆಯುಧ ಸರಿನಾ' ಅಂತ ಕೇಳುವಾಗ ನಾವು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಕಲಸಿಬಿಡುತ್ತೇವೆ. ಕೊಕ್ಕೆಗೆ ಸಿಗುತ್ತದಾ? ಕಾಕ್‌ಪಿಟ್‌ನಿಂದ ಅಲ್ಲಿಯವರೆಗೆ ವೈರ್ ಹೋಗಿದೆಯಾ, ಹಾರಿಸಲು ಒಪ್ಪಿಗೆ ಇದೆಯಾ? ಆ ಸ್ಕ್ವಾಡ್ರನ್ ಆ ದಿನ ಅದನ್ನು ನಿಜವಾಗಿ ಹೊತ್ತಿತ್ತಾ? ಡಿಸಿಎಸ್ ಅನ್ನೋ ಇನ್ನೊಂದು ವಿಮಾನದ ಗೇಮ್‌ನಲ್ಲಿ ಎಫ್-16ರ 4 ಮತ್ತು 6ನೇ ಪೈಲಾನ್‌ಗೆ ರೇಡಾರ್ ಹುಡುಕಿ ಹೊಡೆಯುವ ಹಾರ್ಮ್ ಕ್ಷಿಪಣಿ ಹಾಕಬಹುದಾ ಅಂತ ದೊಡ್ಡ ಜಗಳವೇ ಆಯಿತು. ಒಂದು ಗುಂಪು ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತಿತ್ತು, ಇನ್ನೊಂದು ಎರಡನೆಯದಕ್ಕೆ. ಹಾಗಾದರೆ ಜಗಳ ಮುಗಿಯುವುದು ಹೇಗೆ? ಮೂರನೇ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ನಾನು ಹಾರಿಸುತ್ತಿರುವುದು ಒಂದು ನಿರ್ದಿಷ್ಟ ದಿನದ ಮಿಷನ್ ಅಲ್ವಾ?

ಆ ರಾತ್ರಿಯೇ ಜಾತಿಯ ಸಾಲಿನಿಂದ ಕ್ಷಿಪಣಿಗಳನ್ನೆಲ್ಲ ಅಳಿಸಿದೆ. ಬಾಂಬ್, ರಾಕೆಟ್ ಪಾಡ್, ಟ್ಯಾಂಕ್, ಮೂರೇ ಉಳಿದವು. ಬಳಗದ ಸಾಲಿನಲ್ಲಿ ನೇಟೊ ತೆಗೆದು ಬ್ರಿಟನ್ ಮತ್ತು ಫ್ರಾನ್ಸ್ ಹಾಕಿದೆ. ಸೋವಿಯತ್ ಹಾಕಲಿಲ್ಲ. ಆಗ ನಮ್ಮ ವಾಯುಪಡೆಯಲ್ಲಿ ಸೋವಿಯತ್‌ನ ಕೆ-13 ಕ್ಷಿಪಣಿ ಇತ್ತು ನಿಜ, ಆದರೆ ಅದನ್ನು ಹೊತ್ತದ್ದು ಮಿಗ್-21. ಒಂದು ಅಂಗಡಿಯಲ್ಲಿ ಎರಡು ಸಾಮಾನು ಸಿಗುತ್ತದೆ ಅಂತ ಎರಡನ್ನೂ ಒಂದೇ ಪಾತ್ರೆಗೆ ಹಾಕಲು ಬರುವುದಿಲ್ಲ.

ತೂಕದ ಲೆಕ್ಕ

ಎರಡನೇ ದಿನ ಪೈಲಾನ್‌ಗಳ ತೂಕದ ಮಿತಿ. ಮಾರುತ್ ರೆಕ್ಕೆಯ ನಾಲ್ಕು ಪೈಲಾನ್‌ಗಳಲ್ಲಿ ಒಂದೊಂದೂ 1000 ಪೌಂಡ್ ಹೊರುತ್ತಿತ್ತು. ಒಟ್ಟು 4000 ಪೌಂಡ್. ಗೇಮ್‌ಗೆ ಕಿಲೋದಲ್ಲಿ ಹೇಳಬೇಕು: ಒಂದಕ್ಕೆ 454. ಫೈಲ್‌ನಲ್ಲಿ ಒಳಗಿನ ಎರಡಕ್ಕೆ 1000 ಅಂತಿತ್ತು. ಗೆಳೆಯ ಪೌಂಡಿನ ಅಂಕಿಯನ್ನು ಹಾಗೇ ಕಿಲೋದ ಜಾಗದಲ್ಲಿ ಬರೆದಿದ್ದ. ಅಂದರೆ ಆ ಎರಡು ಪೈಲಾನ್‌ಗಳಲ್ಲಿ ನಿಜಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ತೂಕ ತೂಗಿಸಿಕೊಂಡು ನಾವು ಆರಾಮಾಗಿ ಹಾರುತ್ತಿದ್ದೆವು.

ಆರಾಮಾಗಿ ಹೇಗೆ ಹಾರಿತು? ಎಂಜಿನ್ ನೋಡಿದರೆ ಅದರಲ್ಲೂ ಎಡವಟ್ಟು. ಈ ವಿಮಾನದ ಕಥೆಯೇ ಎಂಜಿನ್‌ನ ಕಥೆ. ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190 ಯುದ್ಧವಿಮಾನ ಮಾಡಿದ ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಶಬ್ದಕ್ಕಿಂತ ವೇಗವಾಗಿ ಹೋಗಲಿ ಅಂತ ಮೈಯನ್ನು ಬಿಡಿಸಿದರು. ಅದಕ್ಕೆ ಬೇಕಾದ ಜೋರಿನ ಆರ್ಫಿಯಸ್ ಎಂಜಿನ್ ಬರಲೇ ಇಲ್ಲ. ಕೊನೆಗೆ ಕೂರಿಸಿದ್ದು ಆಫ್ಟರ್‌ಬರ್ನರ್ (ಹಿಂದಿನಿಂದ ಹೊರಬರುವ ಬಿಸಿ ಗಾಳಿಗೆ ಇನ್ನಷ್ಟು ಇಂಧನ ಸುರಿದು ಉರಿಸಿ ಒತ್ತು ಹೆಚ್ಚಿಸುವ ಭಾಗ) ಇಲ್ಲದ ಆರ್ಫಿಯಸ್ 703, ಎರಡು. ಒಂದೊಂದರ ಒತ್ತು 4850 ಪೌಂಡ್. ಎರಡೂ ಸೇರಿ ಕಿಲೋ ಲೆಕ್ಕದಲ್ಲಿ 4400. ವಿಮಾನ ಪೂರ್ತಿ ತುಂಬಿದಾಗ 10,908 ಕಿಲೋ. ಭಾಗಿಸಿ ನೋಡಿ, 0.4 ಬರುತ್ತದೆ. ಮೈ ಶಬ್ದಾತೀತ, ಎದೆ ಮಾತ್ರ ಚಿಕ್ಕದು. ಫೈಲ್‌ನಲ್ಲಿ ಆಫ್ಟರ್‌ಬರ್ನರ್ ಆನ್ ಆಗಿತ್ತು! ಆಫ್ ಮಾಡಿದೆ.

ಇದನ್ನು ಬರೆಯುವಾಗ ಸುರಂಜನ್ ದಾಸ್ ನೆನಪಾಗದೆ ಇರುವುದಿಲ್ಲ. 1961ರ ಜೂನ್ 17ರಂದು ಮಾರುತ್ ಅನ್ನು ಮೊದಲು ಹಾರಿಸಿದವರು ಅವರು. ಅದಕ್ಕೆ ಆಫ್ಟರ್‌ಬರ್ನರ್ ಜೋಡಿಸಿ ನೋಡುವ ಪ್ರಯತ್ನದ ವಿಮಾನದಲ್ಲೇ 1970ರ ಜನವರಿ 10ರಂದು ತೀರಿಕೊಂಡರು. ಎಚ್‌ಎಎಲ್ ಹತ್ತಿರದ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಟ್ರಾಫಿಕ್‌ನಲ್ಲಿ ನಿಲ್ಲುವ ಎಷ್ಟೋ ಜನರಿಗೆ ಆ ಹೆಸರು ಯಾರದು ಅಂತ ಗೊತ್ತಿಲ್ಲ. ಅವರು ಕೊನೆಯ ದಿನ ಹಾರಿಸಿದ ವಿಮಾನದಲ್ಲಿ ಜೋಡಿಸಿ ನೋಡುತ್ತಿದ್ದ ಸವಲತ್ತು ನಮ್ಮ ಫೈಲ್‌ನಲ್ಲಿ ಸುಮ್ನೆ ಒಂದು ಆನ್ ಸ್ವಿಚ್ ಆಗಿ ಕೂತಿತ್ತು. ಅದನ್ನು ಆಫ್ ಮಾಡುವಾಗ ಕೈ ಒಂದು ಕ್ಷಣ ನಿಂತಿತು.

ಖಾಲಿ ವಿಮಾನ 6195 ಕಿಲೋ. ಗರಿಷ್ಠದಿಂದ ಕಳೆದರೆ 4713 ಉಳಿಯಿತು. ಪೈಲಟ್, ಇಂಧನ, ಗುಂಡು, ಬಾಂಬ್ ಎಲ್ಲ ಇದರೊಳಗೇ ಮುಗಿಯಬೇಕು. ನಾಲ್ಕೂ ಕಡೆ 1000 ಪೌಂಡಿನ ಬಾಂಬ್ ತೂಗಿಸಿದರೆ 1814 ಕಿಲೋ ಅಲ್ಲೇ ಹೋಯಿತು. ಆಮೇಲೆ ಹೊರಗಿನ ಟ್ಯಾಂಕ್‌ಗೆ ಜಾಗ ಎಲ್ಲಿ? ಪೈಲಾನ್ ಇರುವುದೇ ನಾಲ್ಕು. ದೂರ ಹೋಗಬೇಕಾ, ಜಾಸ್ತಿ ಹೊಡೆಯಬೇಕಾ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಟ್ಯಾಂಕ್‌ನಲ್ಲಿ ನಾನೇ ಒಂದು ತಪ್ಪು ಮಾಡಿದೆ. 100 ಗ್ಯಾಲನ್ ಟ್ಯಾಂಕ್ ಅಂತ ಓದಿ 378 ಲೀಟರ್ ಹಾಕಿದೆ. ಅದು ಅಮೆರಿಕದ ಗ್ಯಾಲನ್. ಇದು ಬ್ರಿಟಿಷ್ ಅಳತೆ, 455 ಲೀಟರ್. ಎರಡು ಟ್ಯಾಂಕ್ ಸೇರಿ 150 ಲೀಟರಿಗೂ ಮೇಲೆ ವ್ಯತ್ಯಾಸ. ಮೂರು ಸಲ ಮರಳಿ ಬರುವಾಗ ಇಂಧನ ಮುಗಿದು ಮರಳಿನಲ್ಲಿ ಇಳಿದ ಮೇಲೆ ಇದು ಹೊಳೆಯಿತು. ಹಳೆಯ ವಿಮಾನಗಳ ಪುಸ್ತಕ ಇಟ್ಟುಕೊಂಡು ಇಂಥ ಕೆಲಸ ಮಾಡುವವರಿಗೆ ಒಂದು ಮಾತು: ಗ್ಯಾಲನ್ ಅಂತ ಕಂಡರೆ ಮೊದಲು ಯಾರ ಗ್ಯಾಲನ್ ಅಂತ ನೋಡಿ.

ನಾಲ್ಕು ಗನ್

ಹೆಚ್ಚು ಖುಷಿ ಕೊಟ್ಟ ಕೆಲಸ ಇದು.

ಮಾರುತ್‌ನ ಮೂಗಿನಲ್ಲಿ ನಾಲ್ಕು 30 ಮಿ.ಮೀ. ಆಡೆನ್ ಗನ್. ಆಡೆನ್ ಅನ್ನೋದು ಊರಿನ ಹೆಸರಲ್ಲ. ಎನ್‌ಫೀಲ್ಡ್‌ನಲ್ಲಿದ್ದ ಬ್ರಿಟಿಷ್ ಆಯುಧ ವಿನ್ಯಾಸ ಕೇಂದ್ರದ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಜೋಡಿಸಿದ್ದು. ಜರ್ಮನಿಯ ಮೌಸರ್ ಕಂಪನಿ ಯುದ್ಧದ ಕೊನೆಗೆ ಮಾಡುತ್ತಿದ್ದ ಒಂದು ಗನ್‌ನಿಂದ ಹುಟ್ಟಿದ್ದು ಅದು. ರಿವಾಲ್ವರ್ ಹಾಗೆ ಐದು ಕೋಣೆಯ ಸಿಲಿಂಡರ್ ತಿರುಗುತ್ತದೆ, ಅದಕ್ಕೇ ಅಷ್ಟು ವೇಗ. ನಮ್ಮ ಫೈಲ್‌ನಲ್ಲಿ ಗನ್‌ನ ಹೆಸರು ಸರಿಯಾಗಿತ್ತು. ಒಂದೊಂದಕ್ಕೆ ಗುಂಡು 150 ಅಂತಿತ್ತು. ಅದು ಹಂಟರ್ ವಿಮಾನದ ಅಂಕಿ, ಕಾಪಿ ಮಾಡುವಾಗ ಜೊತೆಗೇ ಬಂದಿದೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿದ್ದಾರೆ. ಪುಸ್ತಕದಲ್ಲಿ ಓದಿದ್ದನ್ನು ಅವರ ಬಾಯಲ್ಲೂ ಕೇಳೋಣ ಅಂತ ಭಾನುವಾರ ಬೆಳಿಗ್ಗೆ ಹೋದೆ. ಪೇಪರ್ ಓದುತ್ತಿದ್ದರು.

"ಅಂಕಲ್, ಮಾರುತ್‌ಗೆ ಒಂದೊಂದು ಗನ್‌ಗೆ ಎಷ್ಟು ಗುಂಡು ತುಂಬ್ತಿದ್ರು?"

"ನೂರಿಪ್ಪತ್ತು ಕಣಪ್ಪ. ನಾಲ್ಕೂ ಸೇರಿ ನಾನೂರೆಂಬತ್ತು. ಯಾಕೆ ಈಗ?"

ಹೇಳಿದೆ. ನಗಲಿಲ್ಲ ಅವರು. ಪೇಪರ್‌ನ ಅಂಚಿನಿಂದ ಉದ್ದಕ್ಕೆ ಒಂದು ಪಟ್ಟಿ ಹರಿದರು. ಟೀಪಾಯಿ ಮೇಲೆ ಅದನ್ನು ಸೀರೆಯ ನೆರಿಗೆ ಹಿಡಿದ ಹಾಗೆ ಆ ಕಡೆ ಒಂದು, ಈ ಕಡೆ ಒಂದು ಮಡಚುತ್ತಾ ಹೋದರು. ಹೆಬ್ಬೆರಳಿನಿಂದ ಪ್ರತಿ ಮಡಿಕೆಯನ್ನೂ ಒತ್ತಿದರು. "ಗುಂಡಿನ ಬೆಲ್ಟು ಪೆಟ್ಟಿಗೇಲಿ ಹೀಗೆ ಕೂತ್ಕೋಬೇಕು. ಒಂದು ಮಡಿಕೆ ಎಲ್ಲಾದ್ರೂ ತಿರುಚಿಕೊಂಡ್ತೋ, ಮೇಲೆ ಹೋದ್ಮೇಲೆ ಗನ್ ಕಚ್ಕೊಳ್ಳತ್ತೆ. ಮೇಲೆ ಯಾರು ಬಿಡಿಸ್ತಾರೆ?" ಅಂದರು. ಆಮೇಲೆ ಪಟ್ಟಿಯ ತುದಿ ಹಿಡಿದು ನಿಧಾನವಾಗಿ ಎಳೆದರು. ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡು ಬಂತು, ಎಲ್ಲೂ ತಡೆಯಲಿಲ್ಲ. ಆ ಪಟ್ಟಿಯನ್ನು ನಾನು ಕೇಳಿ ತಂದಿದ್ದೇನೆ, ಮಾನಿಟರ್‌ನ ಕೆಳಗೆ ಇದೆ.

ಮನೆಗೆ ಬಂದು 120 ಹಾಕಿದೆ. ಆಡೆನ್‌ನ ವೇಗ ನಿಮಿಷಕ್ಕೆ 1200 ಗುಂಡು, ಅಂದರೆ ಸೆಕೆಂಡಿಗೆ 20. ಟ್ರಿಗರ್ ಒತ್ತಿ ಹಿಡಿದರೆ ಆರು ಸೆಕೆಂಡಿಗೆ ಪೆಟ್ಟಿಗೆ ಖಾಲಿ.

ಇನ್ನೊಂದು ವಿಷಯವಿತ್ತು. ನಾಲ್ಕೂ ಗನ್ ಒಟ್ಟಿಗೆ ಹಾರಿಸಿದರೆ ಮೂಗು ವಿಪರೀತ ಅದುರುತ್ತದೆ ಅನ್ನೋದು ಮಾರುತ್‌ಗೆ ಅಂಟಿಕೊಂಡಿದ್ದ ತೊಂದರೆ. ಗೇಮ್‌ನಲ್ಲಿ ಆ ಅದುರಾಟವನ್ನು ತೋರಿಸುವ ದಾರಿ ನನಗೆ ಕಾಣಲಿಲ್ಲ. ಆದರೆ ಗನ್‌ಗಳನ್ನು ಎರಡು ಗುಂಪು ಮಾಡಬಹುದು. ಒಂದು ಜೋಡಿಯನ್ನು ಮುಖ್ಯ ಟ್ರಿಗರ್‌ಗೆ, ಇನ್ನೊಂದು ಜೋಡಿಯನ್ನು ಎರಡನೇ ಟ್ರಿಗರ್‌ಗೆ ಕಟ್ಟಿದೆ. ಈಗ ಒಂದು ಜೋಡಿ ಮುಗಿಸಿ ಇನ್ನೊಂದಕ್ಕೆ ಹೋಗಬಹುದು. ಬೇಕಾದರೆ ಎರಡೂ ಒತ್ತಬಹುದು, ಅದು ಹಾರಿಸುವವನ ವಿವೇಚನೆ. ಎರಡು ಜೋಡಿಗೆ ಭಾಗ ಮಾಡಿದ ಮೇಲೆ ಕೈ ತಾನಾಗೇ ಚಿಕ್ಕ ಚಿಕ್ಕ ಹೊಡೆತಕ್ಕೆ ಬಂತು.

ಹೊಟ್ಟೆಯೊಳಗಿನ ರಾಕೆಟ್

ನನ್ನನ್ನು ಸುಸ್ತು ಮಾಡಿದ್ದು ಇದೇ. ಮಾರುತ್‌ನ ಹೊಟ್ಟೆಯಲ್ಲಿ, ಮುಂದಿನ ಚಕ್ರದ ಹಿಂದೆ, ಫ್ರಾನ್ಸ್‌ನ ಮಾತ್ರಾ ಕಂಪನಿಯ ಒಂದು ರಾಕೆಟ್ ಪೆಟ್ಟಿಗೆ ಇತ್ತು. 68 ಮಿ.ಮೀ. ಸ್ನೆಬ್ ರಾಕೆಟ್, 50. ಹಾರಿಸುವ ಮುಂಚೆ ಪೆಟ್ಟಿಗೆ ಕೆಳಗಿಳಿಯಬೇಕು, ಮುಗಿದ ಮೇಲೆ ಒಳಗೆ ಹೋಗಬೇಕು. ಫೈಲ್‌ನಲ್ಲಿ ಇದು ಇರಲೇ ಇಲ್ಲ.

ದೇಹದ ಒಳಗಿನ ಒಂದು ಹೊಸ ಜಾಗ ಅಂತ ಸೇರಿಸಿದೆ. 50 ರಾಕೆಟ್‌ನ ಕಾಣದ ಪಾಡ್ ಮಾಡಿ ಕೂರಿಸಿದೆ. ಮೊದಲ ಸಲ ಒತ್ತಿದಾಗ ನನ್ನ ವಿಮಾನವೇ ಸ್ಫೋಟವಾಯಿತು. ರಾಕೆಟ್ ಹುಟ್ಟುವ ಬಿಂದು ಮೈಯ ಒಳಗೇ ಇತ್ತು, ಹೊರಗೆ ಬರುವಾಗ ನಮ್ಮ ಮೈಗೇ ತಾಗಿತು. ಬಿಂದುವನ್ನು 20 ಸೆಂ.ಮೀ. ಕೆಳಗಿಳಿಸಿದೆ. ಈ ಸಲ ಮೊದಲ ಕೆಲವು ಸರಿಯಾಗಿ ಹೋದವು, ಆಮೇಲೆ ಮತ್ತೆ ಸ್ಫೋಟ. ಇನ್ನೂ 20 ಇಳಿಸಿದೆ. ಆಗ ಸರಿಹೋಯಿತು. ಬಾಂಬರ್‌ಗಳ ಬಾಗಿಲು ತೆರೆಯುವ ಅನಿಮೇಶನ್ ಈ ಗೇಮ್‌ನಲ್ಲೇ ಇದೆ. ಅದನ್ನೇ ತಗೊಂಡು ಪೆಟ್ಟಿಗೆ ಇಳಿಯುವ ಹಾಗೆ ಗೆಳೆಯ ಮಾಡಿಕೊಟ್ಟ. ಇದಕ್ಕೆ ಅವನು ಎರಡು ಸಂಜೆ ಕೂತ.

ಒಂದು ಸ್ನೆಬ್ ರಾಕೆಟ್ ಸಿಡಿತಲೆ ನೋಡಿಕೊಂಡು 5-6 ಕಿಲೋ. ಐವತ್ತಕ್ಕೆ 250ರಿಂದ 300 ಕಿಲೋ ಆಯಿತು. ಎಂಜಿನ್‌ನ ಶಕ್ತಿ ಗೊತ್ತಿದ್ದ ಮೇಲೆ ಇದನ್ನು ಪ್ರತಿ ಮಿಷನ್‌ಗೂ ತುಂಬಲು ಮನಸ್ಸು ಬರಲಿಲ್ಲ. ಬೇಕಾದಾಗ ಆರಿಸುವ ಹಾಗೆ ಬಿಟ್ಟೆ. ರೆಕ್ಕೆಗೆ ತೂಗುವ ಮಾತ್ರಾ 116 ಪಾಡ್‌ನಲ್ಲೂ ಅದೇ ರಾಕೆಟ್, ಒಂದರಲ್ಲಿ 19. ಗೇಮ್‌ನಲ್ಲಿದ್ದ ಪಾಡ್‌ನ ಅಂಕಿ ಅದೇ ಇತ್ತು, ಮುಟ್ಟಲಿಲ್ಲ.

ಯಾವ ಕೆಲಸಕ್ಕೆ ಕಳಿಸುವುದು

ಆಯುಧ ಸರಿ ಮಾಡಿದರೆ ಮುಗಿಯಿತು ಅಂದುಕೊಂಡಿದ್ದೆ. ಮಿಷನ್ ಶುರು ಮಾಡಿದರೆ ಗೇಮ್ ನನ್ನನ್ನು 20,000 ಅಡಿ ಎತ್ತರದಲ್ಲಿ ಕಾವಲು ತಿರುಗಲು ಕಳಿಸಿತು, ಕ್ಷಿಪಣಿ ಇಲ್ಲದೆ! ಯಾವ ವಿಮಾನ ಯಾವ ಕೆಲಸಕ್ಕೆ ಹೋಗಬೇಕು ಅನ್ನೋ ಸಾಲಿನಲ್ಲಿ ಹೋರಾಟದ ಕಾವಲು, ಎದುರಾಳಿಯನ್ನು ತಡೆಯುವುದು ಎಲ್ಲ ಇತ್ತು. ಅವೆರಡನ್ನೂ ತೆಗೆದೆ. ನೆಲದ ದಾಳಿ, ಸೈನ್ಯಕ್ಕೆ ಹತ್ತಿರದ ಬೆಂಬಲ ಉಳಿದವು. ಪ್ರತಿ ಕೆಲಸಕ್ಕೂ ಗೇಮ್ ತಾನಾಗಿ ತುಂಬುವ ಲೋಡನ್ನೂ ಬದಲಾಯಿಸಿದೆ. ಇದು ಬಹಳ ಮುಖ್ಯ. ಕಂಪ್ಯೂಟರ್ ಹಾರಿಸುವ ಜೊತೆ ವಿಮಾನಗಳು ಈ ಪಟ್ಟಿಯನ್ನೇ ನೋಡಿಕೊಂಡು ತುಂಬಿಸಿಕೊಳ್ಳುತ್ತವೆ. ಪಟ್ಟಿಯಲ್ಲಿ ಅಳಿಸಿದ ಆಯುಧದ ಹೆಸರು ಉಳಿದಿದ್ದರೆ ಆ ಪೈಲಾನ್ ಖಾಲಿಯಾಗಿ ಹೊರಡುತ್ತದೆ.

1971ರಲ್ಲಿ ಮಾರುತ್ ಹಾರಿಸಿದ್ದು 10 ಮತ್ತು 220ನೇ ಸ್ಕ್ವಾಡ್ರನ್, ರಾಜಸ್ಥಾನದ ಜೋಧಪುರ ಮತ್ತು ಉತ್ತರ್‌ಲಾಯ್‌ನಿಂದ. ಎರಡು ವಾರದಲ್ಲಿ 300ಕ್ಕೂ ಹೆಚ್ಚು ಸಲ ದಾಳಿಗೆ ಹೋದವು. ನೆಲಕ್ಕೆ ಅಂಟಿಕೊಂಡು ಹೋಗಿ, ಹೊಡೆದು, ನೆಲಕ್ಕೆ ಅಂಟಿಕೊಂಡೇ ವಾಪಸ್. ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಅವರು ಮಾರುತ್‌ನಲ್ಲಿ ಸೇಬರ್ ಒಂದನ್ನು ಕೆಡವಿದ ಹೆಗ್ಗಳಿಕೆಯೂ ಇದೆ. ಅದು ಗನ್‌ನಿಂದಲೇ, ಬೇರೇನು ಇತ್ತು?

ಅದೇ ಮಿಷನ್‌ನಲ್ಲಿದ್ದ ನಮ್ಮ ಮಿಗ್-21 ಎಫ್‌ಎಲ್ ಕೂಡ ನೋಡಿದೆ, ಬಿಡಲು ಮನಸ್ಸಾಗಲಿಲ್ಲ. ನಾಲ್ಕು ಆರ್-60 ಕ್ಷಿಪಣಿ ಹೊತ್ತಿತ್ತು. ಅವು ಸೋವಿಯತ್ ಸೈನ್ಯಕ್ಕೇ 1971ರಲ್ಲಿ ಬಂದಿರಲಿಲ್ಲ. ತೆಗೆದು ಎರಡು ಕೆ-13, ಹೊಟ್ಟೆಯ ಕೆಳಗೆ ಜಿಪಿ-9 ಗನ್ ಪಾಡ್ ಹಾಕಿದೆ. ಎಫ್‌ಎಲ್‌ಗೆ ಮೈಯೊಳಗೆ ಗನ್ ಇರಲಿಲ್ಲ, ಈ ಪಾಡ್ ಇದ್ದದ್ದಕ್ಕೇ ಅದಕ್ಕೆ ಹಲ್ಲು ಬಂದದ್ದು.

ಹಾರಿಸಿ ನೋಡಿದ್ದು

ಶನಿವಾರ ರಾತ್ರಿ ಗೆಳೆಯ ಮನೆಗೆ ಬಂದ. ಒಳಗಿನ ಪೈಲಾನ್‌ಗಳಲ್ಲಿ ಟ್ಯಾಂಕ್, ಹೊರಗಿನವುಗಳಲ್ಲಿ ರಾಕೆಟ್ ಪಾಡ್. ರಾಜಸ್ಥಾನದ ನಕ್ಷೆ ನಮ್ಮ ಹತ್ತಿರ ಇಲ್ಲ, ಗೇಮ್‌ನ ಜೊತೆ ಬರುವ ಧಿಮಾರ್, ಪರಾನ್ ಅನ್ನೋ ಕಲ್ಪಿತ ದೇಶಗಳ ಮರುಭೂಮಿಯಲ್ಲೇ ಹಾರಿಸಿದೆವು. ರನ್‌ವೇ ಮುಗಿಯುತ್ತಾ ಬಂದರೂ ಮೂಗು ಏಳಲಿಲ್ಲ. ಗೆಳೆಯ ಉಸಿರು ಬಿಗಿ ಹಿಡಿದು ಕೂತಿದ್ದ. ಎದ್ದಿತು. ನೂರಡಿಯಲ್ಲಿ ಮರಳಿನ ಮೇಲೆ ಹೋಗುವಾಗ ಮಾರುತ್ ಎಷ್ಟು ಸ್ಥಿರವಾಗಿ ನಿಲ್ಲುತ್ತದೆ ಅಂದರೆ, ಸೈಡ್‌ವೈಂಡರ್ ಹಾಕಿಕೊಂಡು ಮೇಲೆ ಸುತ್ತುತ್ತಿದ್ದಾಗ ಇದು ನಮಗೆ ಕಂಡೇ ಇರಲಿಲ್ಲ. ಲಾರಿಗಳ ಸಾಲು ಕಂಡಿತು. ಎರಡು ಪಾಡ್ ಖಾಲಿ ಮಾಡಿ ತಿರುಗಿದೆ. ಹಿಂದೆ ಎರಡು ಸೇಬರ್.

"ತಿರುಗು, ಹೊಡಿ!" ಅಂದ ಗೆಳೆಯ. ತಿರುಗಿದರೆ ವೇಗ ಹೋಗುತ್ತದೆ, ವಾಪಸ್ ತರಲು ಎಂಜಿನ್ ಸಾಲದು. ಖಾಲಿ ಟ್ಯಾಂಕ್ ಬೀಳಿಸಿ, ಥ್ರಾಟಲ್ ಪೂರ್ತಿ ತಳ್ಳಿ, ಇನ್ನೂ ಕೆಳಗಿಳಿದು ನೇರ ಓಡಿದೆ. ಸೇಬರ್‌ಗಳು ಮೆಲ್ಲಗೆ ಚಿಕ್ಕದಾದವು. ಕೊನೆಗೆ ಕಾಣಲಿಲ್ಲ. ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸೈಡ್‌ವೈಂಡರ್ ಫೈಲ್ ಡಿಲೀಟ್ ಮಾಡಿಬಿಡು" ಅಂದ.

ಮಾರನೇ ದಿನ ಫಿಟ್ಟರ್ ಅಂಕಲ್‌ರನ್ನು ಮನೆಗೆ ಕರೆದೆ. ಕನ್ನಡಕ ಒರೆಸಿಕೊಂಡು ಸ್ಕ್ರೀನ್ ಹತ್ತಿರ ಬಾಗಿದರು, ಮೂಗಿನ ನಾಲ್ಕು ತೂತುಗಳನ್ನು ಬೆರಳಿಟ್ಟು ಎಣಿಸಿದರು. ಜಾಯ್‌ಸ್ಟಿಕ್ ಕೈಗೆ ಕೊಟ್ಟೆ. ಮೊದಲ ಜೋಡಿಯ ಟ್ರಿಗರ್ ಒತ್ತಿ ಹಿಡಿದೇ ಇದ್ದರು. ನಾನು ಜೋರಾಗಿ ಎಣಿಸಿದೆ. ಆರು ಅನ್ನುವಾಗ ಗನ್ ನಿಂತಿತು.

"ಅಷ್ಟೇನಾ ಅಂಕಲ್?" ಅಂದ ಗೆಳೆಯ.

"ಅಷ್ಟೇ ಕಣಪ್ಪ" ಅಂದರು. ಬೆರಳು ಎರಡನೇ ಟ್ರಿಗರ್‌ಗೆ ಹೋಗಿತ್ತು.